ಚೆಂಡು ಹೂವಿನ ಬಣ್ಣದ ಒಂದು ವಾರ



ಪ್ರಯೋಗ ಶುರು ಮಾಡುವ ಮೊದಲು ಏನು ಮಾಡಬೇಕು? ನಮ್ಮ ಜಿಲ್ಲೆಯ ಯಾವ ಶಾಲೆಗೆ ಹೋದರೂ ನಾನು ಈ ಪ್ರಶ್ನೆ ಕೇಳುತ್ತೇನೆ. "ಸೂಚನೆ ಓದಬೇಕು ಮಿಸ್", "ಮೊದಲು ಸ್ವಲ್ಪವೇ ತೆಗೆದುಕೊಂಡು ನೋಡಬೇಕು ಮಿಸ್", "ಗೊತ್ತಿಲ್ಲದಿದ್ದರೆ ಕೇಳಬೇಕು ಮಿಸ್" ಎಂದು ನೀವು ಕೈ ಎತ್ತಿ ಹೇಳುತ್ತೀರಿ. ಮೂರೂ ಸರಿಯಾದ ಉತ್ತರಗಳೇ. ಈ ಮೂರರಲ್ಲಿ ಒಂದನ್ನೂ ಮಾಡದ ಒಬ್ಬ ವಿಜ್ಞಾನ ಶಿಕ್ಷಕಿಯ ಕಥೆಯನ್ನು ಇವತ್ತು ಹೇಳುತ್ತೇನೆ. ಆ ಶಿಕ್ಷಕಿ ಯಾರು ಗೊತ್ತೇ? ನಾನೇ!

ಭಾನುವಾರ: ಆತುರದ ಪ್ರಯೋಗ

ನಾನಿರುವುದು ಚಾಮರಾಜನಗರದಲ್ಲಿ. ಶಾಲೆಯಿಂದ ಶಾಲೆಗೆ ವಿಜ್ಞಾನದ ಕಿಟ್ ಹೊತ್ತುಕೊಂಡು ಓಡಾಡುವುದು ನನ್ನ ಕೆಲಸ. ಅದು ಆಷಾಢ ಮಾಸ. ಮುಂದಿನ ವಾರ ಪೂರ್ತಿ ಕೆಲಸ ತುಂಬಿತ್ತು. ಸೋಮವಾರ ಮತ್ತು ಗುರುವಾರ ಗುಂಡ್ಲುಪೇಟೆಯಲ್ಲಿ ಶಿಕ್ಷಕರ ಕಾರ್ಯಾಗಾರ, ಮಂಗಳವಾರ ಮತ್ತು ಶುಕ್ರವಾರ ಅದೇ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆ, ಬುಧವಾರ ಚಾಮರಾಜನಗರದಲ್ಲಿ ಸಭೆ. ಇಷ್ಟು ಜನರ ಮುಂದೆ ನಿಲ್ಲಬೇಕಲ್ಲ! ಕನ್ನಡಿಯಲ್ಲಿ ನೋಡಿಕೊಂಡರೆ ಹಣೆಯ ಮೇಲೆ ನರೆಗೂದಲು ಇಣುಕುತ್ತಿತ್ತು. ಉಳಿದ ಕೂದಲು ಹಳೆಯ ಮೆಹಂದಿಯಿಂದ ಒಂದೊಂದು ಕಡೆ ಒಂದೊಂದು ಬಣ್ಣವಾಗಿತ್ತು. ಭಾನುವಾರ ಮಧ್ಯಾಹ್ನ ಒಂದು ಬ್ಯೂಟಿ ಪಾರ್ಲರಿಗೆ ಹೋಗಿ, "ಎಲ್ಲವನ್ನೂ ಒಂದೇ ಸಮ ಕಂದು ಬಣ್ಣ ಮಾಡಿಕೊಡಮ್ಮ" ಎಂದೆ.

ಅಲ್ಲಿದ್ದ ಹುಡುಗಿ ಜಾಣೆ. "ಮೊದಲು ತಲೆಗೆ ಏನಾದರೂ ಹಚ್ಚಿದ್ದೀರಾ ಮೇಡಂ?" ಎಂದು ಕೇಳಿದಳು. ಮೆಹಂದಿಯೇನು ರಾಸಾಯನಿಕವೇ ಎಂದುಕೊಂಡು "ಇಲ್ಲ" ಎಂದೆ. "ಕಿವಿಯ ಹಿಂದೆ ಚೂರು ಹಚ್ಚಿ ಎರಡು ದಿನ ನೋಡೋಣವೇ?" ಎಂದಳು. "ನನಗೆ ಅಷ್ಟು ಸಮಯ ಇಲ್ಲಮ್ಮ" ಎಂದೆ. ಕಪ್ಪು ಕೂದಲನ್ನು ತಿಳಿ ಮಾಡಲು ಅವಳು ಮೊದಲು ಬ್ಲೀಚ್ ಹಚ್ಚಿದಳು. ಆಗಲೇ ನನ್ನ ಫೋನ್ ಬಂತು. ಕಾರ್ಯಾಗಾರಕ್ಕೆ ಎಷ್ಟು ಮಸೂರ ಬೇಕು, ಎಷ್ಟು ಬೀಕರು ಬೇಕು ಎಂದು ಮಾತಾಡುತ್ತಲೇ ಇದ್ದೆ. "ತೊಳೆಯೋಣ ಮೇಡಂ" ಎಂದು ಅವಳು ಎರಡು ಸಲ ಕರೆದಳು. ನಾನು ಎರಡು ಸಲವೂ "ಇರು" ಎಂದು ಕೈ ಸನ್ನೆ ಮಾಡಿದೆ.

ಆಮೇಲೆ ತೊಳೆದು, ಮೇಲೆ ಕಂದು ಬಣ್ಣ ಹಚ್ಚಿ, ಮತ್ತೆ ತೊಳೆದಾಯಿತು. ಟ್ಯೂಬ್‌ಲೈಟಿನ ಕೆಳಗೆ ಒದ್ದೆ ಕೂದಲು ಚೆನ್ನಾಗಿಯೇ ಕಂಡಿತು. ಹಣ ಕೊಟ್ಟು ಸಂತೋಷದಿಂದ ಮನೆಗೆ ಬಂದೆ.

ಸೋಮವಾರ: ಬಿಸಿಲು ಹೇಳಿದ ಸತ್ಯ

ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಎಳೆ ಬಿಸಿಲು. ಪಕ್ಕದಲ್ಲಿದ್ದ ಅಂಗಡಿಯ ಗಾಜಿನಲ್ಲಿ ಯಾರೋ ಕಿತ್ತಳೆ ತಲೆಯ ಹೆಂಗಸು ಕಂಡಳು. ಯಾರಪ್ಪಾ ಇವಳು ಎಂದು ನೋಡಿದರೆ ನಾನೇ! ಬುಡದ ಹತ್ತಿರ ಹೊಳೆಯುವ ಕಿತ್ತಳೆ, ನಡುವೆ ಇಟ್ಟಿಗೆಯ ಕೆಂಪು, ತುದಿಯಲ್ಲಿ ಕಂದು. ಮನೆಗೆ ಹಿಂತಿರುಗಲು ಸಮಯವಿರಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಸ್ ಹತ್ತಿದೆ.

ನಿನ್ನೆ ಕಂದಾಗಿದ್ದುದು ಇವತ್ತು ಕಿತ್ತಳೆಯಾದದ್ದು ಹೇಗೆ? ನಿಮ್ಮ ಅಮ್ಮನ ಜೊತೆ ಸೀರೆ ಅಂಗಡಿಗೆ ಹೋಗಿದ್ದೀರಾ? ಸೀರೆ ಆರಿಸಿದ ಮೇಲೆ ಅದನ್ನು ಬಾಗಿಲ ಹತ್ತಿರ ತಂದು ಬಿಸಿಲಿಗೆ ಹಿಡಿದು ನೋಡುತ್ತಾರಲ್ಲವೇ? ಅದೊಂದು ಒಳ್ಳೆಯ ವೈಜ್ಞಾನಿಕ ಅಭ್ಯಾಸ. ಒಂದು ವಸ್ತುವಿನ ಬಣ್ಣ ಅದರ ಮೇಲೆ ಬೀಳುವ ಬೆಳಕನ್ನೂ ಅವಲಂಬಿಸಿರುತ್ತದೆ. ಸೂರ್ಯನ ಬೆಳಕಿನಲ್ಲಿ ಕಾಮನಬಿಲ್ಲಿನ ಎಲ್ಲ ಬಣ್ಣಗಳೂ ಇವೆ. ಕೆಲವು ಟ್ಯೂಬ್‌ಲೈಟ್‌ಗಳ ಬೆಳಕಿನಲ್ಲಿ ಕೆಂಪಿನ ಪಾಲು ಕಡಿಮೆ. ಬೆಳಕಿನಲ್ಲೇ ಇಲ್ಲದ ಕೆಂಪನ್ನು ಕೂದಲು ಎಲ್ಲಿಂದ ಹಿಂತಿರುಗಿಸೀತು? ಜೊತೆಗೆ ಯಾವುದೇ ಕೂದಲು, ಬಟ್ಟೆ ಒದ್ದೆಯಾಗಿರುವಾಗ ಹೆಚ್ಚು ಗಾಢವಾಗಿ ಕಾಣುತ್ತದೆ. ಎರಡು ಕಡೆಯಿಂದ ಮೋಸಹೋಗಿದ್ದೆ.

ಚಾಮರಾಜನಗರದಿಂದ ತೆರಕಣಾಂಬಿ ಮಾರ್ಗವಾಗಿ ಗುಂಡ್ಲುಪೇಟೆಗೆ ಸುಮಾರು 35 ಕಿಲೋಮೀಟರ್. ಆ ಕಾಲದಲ್ಲಿ ನಮ್ಮ ಕಡೆ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡು ಹೂ ಅರಳಿರುತ್ತವೆ. ಕೇರಳದ ಕಡೆಗೆ ಹೋಗುವ ಪ್ರವಾಸಿಗರು ಕಾರು ನಿಲ್ಲಿಸಿ ಹೊಲದ ನಡುವೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನೂ ಪ್ರತಿ ಸಲ ಕಿಟಕಿಯ ಪಕ್ಕ ಕುಳಿತು ಆ ಹೊಲಗಳನ್ನು ನೋಡುವವಳೇ. ಅವತ್ತು ಮಾತ್ರ ಚೆಂಡು ಹೂವಿನ ಹೊಲ ಕಂಡಾಗಲೆಲ್ಲ ನನ್ನನ್ನೇ ಅಣಕಿಸಿದಂತಾಯಿತು.

ಕಾರ್ಯಾಗಾರದಲ್ಲಿ ಸೆರಗು ಎಷ್ಟು ಹೊತ್ತು ನಿಂತೀತು? ಆಷಾಢದ ಗಾಳಿ ಕಿಟಕಿಯಿಂದ ಒಮ್ಮೆ ಬೀಸಿತು ಅಷ್ಟೆ. ಇಡೀ ಕೊಠಡಿ ಒಂದು ಕ್ಷಣ ಮೌನವಾಯಿತು. ಆಮೇಲೆ ಊಟದ ಬಿಡುವಿನಲ್ಲಿ ಸಲಹೆಗಳ ಮಳೆಯೇ ಸುರಿಯಿತು. ಒಬ್ಬರು ಟೀ ಡಿಕಾಕ್ಷನ್ ಹಚ್ಚಿ ಎಂದರು. ಇನ್ನೊಬ್ಬರು ಈರುಳ್ಳಿ ರಸ ಎಂದರು. ಮತ್ತೊಬ್ಬರು ನೆಲ್ಲಿಕಾಯಿಯನ್ನು ಕಬ್ಬಿಣದ ಬಾಣಲೆಯಲ್ಲಿ ಕುದಿಸಿ ಎಂದರು. "ಇವತ್ತೇ ಹೋಗಿ ಕಪ್ಪು ಹಚ್ಚಿಸಿಕೊಂಡುಬಿಡಿ" ಎಂದವರೂ ಇದ್ದರು. ಎಲ್ಲರ ಮಾತಿಗೂ ತಲೆಯಾಡಿಸಿದೆ. ಯಾವುದನ್ನು ನಂಬಬೇಕೋ ತಿಳಿಯಲಿಲ್ಲ.

ಕೂದಲಿನೊಳಗೆ ನಡೆದದ್ದೇನು?

ಒಂದು ಕೂದಲು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪವೂ ಇರುವುದಿಲ್ಲ. ಆದರೂ ಅದರೊಳಗೆ ಪದರಗಳಿವೆ. ಹೊರಗಿನ ಪದರ ನಮ್ಮ ಹೆಂಚಿನ ಮನೆಯ ಮಾಡಿನಂತೆ ಇರುತ್ತದೆ. ಒಂದರ ಮೇಲೊಂದು ಹೊದಿಸಿದ ತೆಳುವಾದ ಹೆಂಚುಗಳು! ಅದರೊಳಗಿನ ದಪ್ಪ ಪದರದಲ್ಲಿ ಬಣ್ಣದ ಕಣಗಳಿವೆ. ಇವುಗಳ ಹೆಸರು ಮೆಲನಿನ್. ಕೂದಲಿನ ಬಹುಭಾಗ ಕೆರಾಟಿನ್ ಎಂಬ ಪ್ರೋಟೀನು. ನಿಮ್ಮ ಉಗುರು, ಎಮ್ಮೆಯ ಕೊಂಬು, ಕುರಿಯ ಉಣ್ಣೆ ಇವೆಲ್ಲ ಕೆರಾಟಿನ್‌ನಿಂದಲೇ ಆದವು.

ಮೆಲನಿನ್‌ನಲ್ಲಿ ಎರಡು ಬಗೆ. ಒಂದು ಕಪ್ಪು-ಕಂದು, ಇನ್ನೊಂದು ಕೆಂಪು-ಹಳದಿ. ನಮ್ಮಂಥವರ ಕೂದಲಿನಲ್ಲಿ ಕಪ್ಪು ಬಗೆಯದೇ ಬಹಳ ಹೆಚ್ಚು. ಹಾಗಾಗಿ ಕೆಂಪು ಮರೆಯಲ್ಲಿರುತ್ತದೆ. ಬ್ಲೀಚಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಎಂಬ ವಸ್ತು ಇರುತ್ತದೆ. ಫ್ರಾನ್ಸಿನ ತೆನಾರ್ಡ್ ಎಂಬ ವಿಜ್ಞಾನಿ 1818ರಲ್ಲಿ ಇದನ್ನು ಕಂಡುಹಿಡಿದರು. ನೀರಿನ ಅಣುವಿಗೆ ಇನ್ನೊಂದು ಆಕ್ಸಿಜನ್ ಪರಮಾಣು ಸೇರಿದರೆ ಅದೇ ಹೈಡ್ರೋಜನ್ ಪೆರಾಕ್ಸೈಡ್. ಅದು ಮೆಲನಿನ್ ಅನ್ನು ಒಡೆದು ಬಣ್ಣ ಕಳೆಯುತ್ತದೆ. ಈ ಕ್ರಿಯೆಗೆ ಉತ್ಕರ್ಷಣ ಎಂದು ಹೆಸರು. ಮೊದಲು ಹೋಗುವುದು ಕಪ್ಪು. ಆಗ ಮರೆಯಲ್ಲಿದ್ದ ಕೆಂಪು, ಕಿತ್ತಳೆ, ಹಳದಿ ಒಂದೊಂದಾಗಿ ಹೊರಗೆ ಬರುತ್ತವೆ. ನನ್ನ ತಲೆ ಕಿತ್ತಳೆಯಲ್ಲಿ ನಿಂತಿತ್ತು!

ಹಾಗಾದರೆ ಬುಡದಲ್ಲೇ ಏಕೆ ಹೆಚ್ಚು ಕಿತ್ತಳೆ? ರಾಸಾಯನಿಕ ಕ್ರಿಯೆಗಳು ಬಿಸಿಯಲ್ಲಿ ಬೇಗ ನಡೆಯುತ್ತವೆ. ನೆತ್ತಿಯ ಚರ್ಮ ಬೆಚ್ಚಗಿರುತ್ತದೆ. ಅಲ್ಲಿ ಬ್ಲೀಚ್ ಜೋರಾಗಿ ಕೆಲಸ ಮಾಡಿತ್ತು. ಅದರಿಂದ ದೂರದ ಕೂದಲಿನಲ್ಲಿ ಹಳೆಯ ಮೆಹಂದಿ ಕುಳಿತಿತ್ತು. ಮೆಹಂದಿ ಎಲೆಯಲ್ಲಿರುವ ಲಾಸೋನ್ ಎಂಬ ಬಣ್ಣ ಕೆರಾಟಿನ್‌ಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಬ್ಲೀಚಿಗೂ ಸುಲಭವಾಗಿ ಬಗ್ಗುವುದಿಲ್ಲ. ಅಂದರೆ ನಾನು "ಇಲ್ಲ" ಎಂದು ಹೇಳಿದ ಆ ಸಣ್ಣ ಸುಳ್ಳು ತಲೆಯ ಮೇಲೆ ಇಟ್ಟಿಗೆ ಬಣ್ಣದಲ್ಲಿ ಬರೆದುಕೊಂಡಿತ್ತು.

ಮೇಲೆ ಹಚ್ಚಿದ ಕಂದು ಬಣ್ಣದ ಕೆಲಸ ಇನ್ನೂ ಸ್ವಾರಸ್ಯಕರ. ಇಂಥ ಬಣ್ಣಗಳಲ್ಲಿ ಅಮೋನಿಯಾದಂತಹ ಪ್ರತ್ಯಾಮ್ಲ ಇರುತ್ತದೆ. ಅದು ಕೂದಲನ್ನು ಉಬ್ಬಿಸಿ ಹೆಂಚುಗಳನ್ನು ಸ್ವಲ್ಪ ಎತ್ತುತ್ತದೆ. ಸಂದಿನಿಂದ ಬಣ್ಣವಿಲ್ಲದ ಪುಟ್ಟ ಪುಟ್ಟ ಅಣುಗಳು ಒಳಗೆ ನುಗ್ಗುತ್ತವೆ. ಒಳಗೆ ಪೆರಾಕ್ಸೈಡ್ ಅವನ್ನು ಒಂದಕ್ಕೊಂದು ಜೋಡಿಸಿದಾಗ ದೊಡ್ಡದಾದ, ಬಣ್ಣವುಳ್ಳ ಅಣುಗಳಾಗುತ್ತವೆ. ಒಬ್ಬೊಬ್ಬರಾಗಿ ಕಿಟಕಿಯಿಂದ ನುಸುಳಿದ ಮಕ್ಕಳು ಒಳಗೆ ಕೈ ಕೈ ಹಿಡಿದು ವೃತ್ತವಾಗಿ ನಿಂತರೆ ಅದೇ ಕಿಟಕಿಯಿಂದ ಹೊರಗೆ ಬರಲಾಗುವುದೇ? ಹಾಗೆಯೇ ಆ ಬಣ್ಣ ಒಳಗೇ ಉಳಿಯುತ್ತದೆ. ಆದರೆ ಅತಿಯಾಗಿ ಬ್ಲೀಚ್ ಆದ ಕೂದಲಿನಲ್ಲಿ ಕಿಟಕಿಗಳೇ ಮುರಿದಿರುತ್ತವೆ. ಬಣ್ಣ ಸರಿಯಾಗಿ ನಿಲ್ಲುವುದಿಲ್ಲ.

ಈ ಬಣ್ಣಗಳ ಹಿಂದೆ ಒಂದು ಇತಿಹಾಸವಿದೆ. 1856ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಎಂಬ 18 ವರ್ಷದ ಹುಡುಗ ಮಲೇರಿಯಾದ ಔಷಧಿ ಕ್ವಿನೈನ್ ತಯಾರಿಸಲು ಹೋಗಿ ನೇರಳೆ ಬಣ್ಣವೊಂದನ್ನು ತಯಾರಿಸಿಬಿಟ್ಟ. ಅಲ್ಲಿಂದ ಕೃತಕ ಬಣ್ಣಗಳ ಕಾಲ ಶುರುವಾಯಿತು. 1907ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಯುಜೀನ್ ಶ್ಯುಯೆಲರ್ ತಲೆಗೂದಲಿಗೆ ಕೃತಕ ಬಣ್ಣ ತಯಾರಿಸಿದರು. ಪರ್ಕಿನ್‌ನದೂ ತಪ್ಪಿದ ಪ್ರಯೋಗ, ನನ್ನದೂ ತಪ್ಪಿದ ಪ್ರಯೋಗ. ಅವನು ತಪ್ಪನ್ನು ಚೆಲ್ಲದೆ ಪರೀಕ್ಷಿಸಿದ. ನಾನು ಸೆರಗು ಮುಚ್ಚಿಕೊಂಡಿದ್ದೆ.

ಮಂಗಳವಾರ: ನಲ್ಲಿಯ ಹತ್ತಿರ

ಮಂಗಳವಾರ ಶಾಲೆಗೆ ಹೋದಾಗ ಗೇಟಿನಲ್ಲೇ ಬಿಸಿಯೂಟದ ಅಡುಗೆಯವರು ಎದುರಾದರು. "ಇದ್ಯಾಕವ್ವ ತಲ ಇಂಗಾಗದ?" ಎಂದು ನೇರವಾಗಿ ಕೇಳಿಯೇಬಿಟ್ಟರು. ಏಳನೇ ತರಗತಿಯೊಳಗೆ ಕಾಲಿಟ್ಟ ಕೂಡಲೇ ಹಿಂದಿನ ಸಾಲಿನಿಂದ "ಚೆಂಡೂವು ಮಿಸ್" ಎಂದು ಮೆಲ್ಲಗೆ ಒಂದು ದನಿ ಬಂತು. ಇಡೀ ತರಗತಿ ಕಿಸಕ್ಕನೆ ನಕ್ಕಿತು. ನನಗೆ ಸಿಟ್ಟು ಬಂತೇ? ಬಂತು. ಕೋಲಿನಿಂದ ಮೇಜು ಕುಟ್ಟಿ "ಸುಮ್ಮನಿರಿ" ಎಂದೆ. ಅವತ್ತಿನ ಪಾಠ ಆಮ್ಲ ಮತ್ತು ಪ್ರತ್ಯಾಮ್ಲ. ಅರಿಶಿನದ ಕಾಗದಕ್ಕೆ ಸಾಬೂನಿನ ನೀರು ಹಾಕಿ ಕೆಂಪು ಮಾಡಿ ತೋರಿಸಿ, ನನ್ನ ತಲೆಯ ವಿಷಯ ಒಂದು ಮಾತೂ ಆಡದೆ ಪಾಠ ಮುಗಿಸಿದೆ.

ಊಟದ ನಂತರ ಕೈ ತೊಳೆಯಲು ನಲ್ಲಿಯ ಹತ್ತಿರ ಹೋದೆ. ಒಬ್ಬ ಹುಡುಗಿ ಎಲ್ಲರೂ ಹೋಗುವವರೆಗೆ ಕಾದು ನಿಂತಿದ್ದಳು. ಅವಳ ಹೆಸರನ್ನು ಬರೆಯುವುದಿಲ್ಲ. "ವಿಷಯ ಬರೆಯಿರಿ ಮಿಸ್, ಹೆಸರು ಬೇಡ" ಎಂದು ಆಮೇಲೆ ಅವಳೇ ಹೇಳಿದ್ದಾಳೆ. ಅವಳ ಎರಡು ಜಡೆಗಳ ನಡುವೆ, ನೆತ್ತಿಯ ಮೇಲೆ, ಒಂದು ಕಡೆ ಕೂದಲು ಬೆಳ್ಳಗಿತ್ತು. ಅದರ ಮೇಲೆ ಕಾಡಿಗೆ ತೀಡಿದ್ದಳು. ಬೆವರಿಗೆ ಕಾಡಿಗೆ ಕರಗಿ ಹಣೆಯ ಹತ್ತಿರ ಇಳಿದಿತ್ತು. ಚಿಕ್ಕ ವಯಸ್ಸಿನಲ್ಲೇ ನರೆ ಬರುವುದನ್ನು ನಮ್ಮ ಹಿರಿಯರು ಬಾಲನೆರೆ ಎನ್ನುತ್ತಾರೆ.

ಅವಳು ಲಂಗದ ಜೇಬಿನಿಂದ ಒಂದು ಪುಟ್ಟ ಪ್ಯಾಕೆಟ್ ತೆಗೆದಳು. ಅಂಗಡಿಯಲ್ಲಿ ಮಾರುವ ಕಪ್ಪು ಬಣ್ಣದ ಪುಡಿ. "ಶನಿವಾರ ಪ್ರತಿಭಾ ಕಾರಂಜಿ ಮಿಸ್. ನಾನು ಹಾಡಬೇಕು. ಎಲ್ಲಾ ನನ್ನ ತಲೇನೇ ನೋಡ್ತಾರೆ. ಶುಕ್ರವಾರ ರಾತ್ರಿ ಹಚ್ಚಿಕೊಳ್ತೀನಿ. ನಿಮ್ಮ ಹಂಗೆ ಆಗಲ್ಲ ತಾನೇ?" ಎಂದಳು.

ಮಕ್ಕಳೇ, ಆ ಕ್ಷಣ ನನಗೆ ನಾಚಿಕೆಯಾಯಿತು. ಬಣ್ಣಕ್ಕಾಗಿ ಅಲ್ಲ. ಬೆಳಿಗ್ಗೆ ತರಗತಿಯಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದಕ್ಕಾಗಿ. ನನಗೆ ತಿಳಿದದ್ದನ್ನು ಹೇಳಿದ್ದರೆ ಇವಳು ಒಬ್ಬಳೇ ಕಾದು ನಿಂತು ಕೇಳಬೇಕಾಗಿರಲಿಲ್ಲ. ಕೇಳುವ ಧೈರ್ಯವಿಲ್ಲದ ಇನ್ನೆಷ್ಟು ಮಕ್ಕಳಿದ್ದಾರೋ!

ಇಬ್ಬರೂ ಕಟ್ಟೆಯ ಮೇಲೆ ಕುಳಿತೆವು. ನನ್ನ ಚೀಲದಿಂದ ಮಸೂರ ತೆಗೆದು ಅವಳ ಕೈಗೆ ಕೊಟ್ಟು ಪ್ಯಾಕೆಟ್ಟಿನ ಹಿಂಭಾಗ ಓದಿಸಿದೆ. ಅಕ್ಷರಗಳು ಇರುವೆಯ ಕಾಲಿನಷ್ಟು ಸಣ್ಣವು. ಹಚ್ಚುವ 48 ಗಂಟೆ ಮೊದಲು ಚರ್ಮದ ಮೇಲೆ ಸ್ವಲ್ಪ ಹಚ್ಚಿ ಪರೀಕ್ಷಿಸಬೇಕು ಎಂದಿತ್ತು. ಮಕ್ಕಳ ಕೈಗೆ ಸಿಗದಂತೆ ಇಡಬೇಕು ಎಂದಿತ್ತು. ಇಂಥ ಎಷ್ಟೋ ಕಪ್ಪು ಬಣ್ಣಗಳಲ್ಲಿ ಪ್ಯಾರಾಫಿನೈಲೀನ್ ಡೈಅಮೀನ್ ಎಂಬ ವಸ್ತು ಇರುತ್ತದೆ. ಹೆಸರು ಉದ್ದವಾಯಿತೇ? ಪಿಪಿಡಿ ಎಂದರೆ ಸಾಕು. ಕೆಲವರಿಗೆ ಅದು ಒಗ್ಗುವುದಿಲ್ಲ. ಚರ್ಮ ಕೆಂಪಾಗಿ, ತುರಿಸಿ, ಗುಳ್ಳೆಯೆದ್ದು, ಮುಖವೇ ಊದಿಕೊಳ್ಳಬಹುದು. ಒಮ್ಮೆ ಒಗ್ಗದೆ ಹೋದರೆ ಮುಂದೆಯೂ ಒಗ್ಗುವುದಿಲ್ಲ. ಹೊಟ್ಟೆಗೆ ಹೋದರಂತೂ ಪ್ರಾಣಕ್ಕೇ ಅಪಾಯ. "ಕಪ್ಪು ಮೆಹಂದಿ" ಎಂದು ಜಾತ್ರೆಗಳಲ್ಲಿ ಕೈಗೆ ಹಾಕುವುದರಲ್ಲೂ ಇದು ಇರಬಹುದು. ನಿಜವಾದ ಮೆಹಂದಿಯ ಬಣ್ಣ ಕೆಂಪು-ಕಂದು, ಕಪ್ಪಲ್ಲ. 16 ವರ್ಷದೊಳಗಿನವರು ಇಂಥ ಬಣ್ಣಗಳನ್ನು ಬಳಸಬಾರದು ಎಂಬ ಎಚ್ಚರಿಕೆ ಯುರೋಪಿನ ದೇಶಗಳಲ್ಲಿ ಪ್ಯಾಕೆಟ್ಟುಗಳ ಮೇಲೆಯೇ ಮುದ್ರಿತವಾಗಿರುತ್ತದೆ.

"ನಿಮಗೆ ತುರಿಸ್ತದಾ ಮಿಸ್?" ಎಂದು ಅವಳು ಕೇಳಿದಳು. ಭಾನುವಾರ ರಾತ್ರಿಯಿಂದ ತುರಿಸುತ್ತಲೇ ಇತ್ತು. ಯಾರಿಗೂ ಹೇಳಿರಲಿಲ್ಲ. ಅವಳಿಗೆ ಹೇಳಿದೆ. ಪಾರ್ಲರಿನಲ್ಲಿ ಹೇಳಿದ ಸುಳ್ಳನ್ನೂ ಹೇಳಿದೆ. ಪ್ಯಾಕೆಟ್ಟನ್ನು ಕಿತ್ತುಕೊಳ್ಳಲಿಲ್ಲ. "ಶುಕ್ರವಾರ ಸೂಕ್ಷ್ಮದರ್ಶಕ ತರುತ್ತೇನೆ. ಅಲ್ಲಿಯವರೆಗೆ ಇದನ್ನು ಒಡೆಯುವುದಿಲ್ಲ ಎಂದು ಮಾತು ಕೊಡು" ಎಂದೆ. ಕೊಟ್ಟಳು.

ಬುಧವಾರ, ಗುರುವಾರ: ಬಾಚಣಿಗೆಯ ಕೂದಲು

ಬುಧವಾರ ಸಭೆ ಮುಗಿಸಿ ವೈದ್ಯರನ್ನು ಕಂಡೆ. ನೆತ್ತಿಯ ಚರ್ಮ ಕೆರಳಿದೆ, ವಾಸಿಯಾಗುವವರೆಗೆ ಯಾವ ಬಣ್ಣವನ್ನೂ ಹಚ್ಚಬೇಡಿ ಎಂದರು. ಅಲ್ಲಿಗೆ ಮತ್ತೆ ಕಪ್ಪು ಹಚ್ಚಿಸಿಕೊಳ್ಳುವ ದಾರಿ ಮುಚ್ಚಿತು. ಬಾಲನೆರೆಯ ಬಗ್ಗೆಯೂ ಅವರನ್ನೇ ಕೇಳಿದೆ. ಅದು ಹೆಚ್ಚಾಗಿ ವಂಶದಿಂದ ಬರುತ್ತದೆ, ಕೆಲವೊಮ್ಮೆ ಬಿ12 ಜೀವಸತ್ವದ ಕೊರತೆ ಅಥವಾ ಥೈರಾಯ್ಡ್ ತೊಂದರೆಯೂ ಕಾರಣವಾಗಬಹುದು, ಒಮ್ಮೆ ತೋರಿಸುವುದು ಒಳ್ಳೆಯದು ಎಂದರು.

ಗುರುವಾರ ಕಾರ್ಯಾಗಾರಕ್ಕೆ ನಾನು ಸೆರಗು ಹೊದೆಯದೆ ಹೋದೆ. ಬಾಚಣಿಗೆಯಲ್ಲಿ ಉದುರಿದ್ದ ನನ್ನ ಕೂದಲನ್ನು ಒಂದು ಕವರಿನಲ್ಲಿ ಹಾಕಿಕೊಂಡಿದ್ದೆ. ಆರೋಗ್ಯವಂತರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ನನಗಂತೂ ಆ ವಾರ ಧಾರಾಳವಾಗಿಯೇ ಸಿಕ್ಕಿತ್ತು! "ಸೋಮವಾರ ನೀವು ಕೊಟ್ಟ ಸಲಹೆಗಳನ್ನೆಲ್ಲ ಇವತ್ತು ಪರೀಕ್ಷಿಸೋಣ. ತಲೆಯ ಮೇಲೆ ಬೇಡ, ಲೋಟದಲ್ಲಿ" ಎಂದೆ. ಎಲ್ಲರೂ ನಕ್ಕು ಒಪ್ಪಿದರು.

ಒಂದು ಲೋಟದಲ್ಲಿ ಈರುಳ್ಳಿ ರಸ, ಒಂದರಲ್ಲಿ ಟೀ ಡಿಕಾಕ್ಷನ್, ಒಂದರಲ್ಲಿ ಕಬ್ಬಿಣದ ಬಾಣಲೆಯಲ್ಲಿ ಕುದಿಸಿದ ನೆಲ್ಲಿಚೆಟ್ಟಿನ ನೀರು, ಒಂದರಲ್ಲಿ ಬರೀ ನೀರು. ಬರೀ ನೀರು ಏಕೆ? ಹೋಲಿಸಿ ನೋಡಲು. ಪ್ರತಿಯೊಂದರಲ್ಲೂ ಕೂದಲಿನ ಒಂದೊಂದು ಗಂಟನ್ನು ಮೂರು ಗಂಟೆ ಇಟ್ಟೆವು. ಈರುಳ್ಳಿ ರಸದಲ್ಲಿ ವಾಸನೆ ಬಿಟ್ಟು ಬೇರೇನೂ ಬದಲಾಗಲಿಲ್ಲ. ಟೀಯಲ್ಲಿ ಕಿತ್ತಳೆ ಸ್ವಲ್ಪ ಮಂಕಾಯಿತು. ನೆಲ್ಲಿ ಮತ್ತು ಕಬ್ಬಿಣದ ಲೋಟದಲ್ಲಿ ಮಾತ್ರ ಕೂದಲು ಚೆನ್ನಾಗಿ ಕಪ್ಪಾಗಿತ್ತು. ನೆಲ್ಲಿಯಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಕಪ್ಪು ವಸ್ತುವಾಗುತ್ತದೆ. ಹಿಂದಿನ ಕಾಲದಲ್ಲಿ ಬರೆಯುವ ಶಾಯಿಯನ್ನೂ ಟ್ಯಾನಿನ್ ಮತ್ತು ಕಬ್ಬಿಣದಿಂದಲೇ ಮಾಡುತ್ತಿದ್ದರು. ಆದರೆ ಸಾಬೂನಿನಿಂದ ತೊಳೆದಾಗ ಆ ಕಪ್ಪಿನಲ್ಲಿ ಅರ್ಧದಷ್ಟು ಬಿಟ್ಟುಹೋಯಿತು.

ನನ್ನ ಅತ್ತೆ ಸೀಗೆಕಾಯಿ ಹಚ್ಚು ಎಂದಿದ್ದರು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆತಲಾಂತರದಿಂದ ಕಾಡಿನಿಂದ ತರುತ್ತಿದ್ದ ಕಿರು ಉತ್ಪನ್ನಗಳಲ್ಲಿ ಸೀಗೆಕಾಯಿ, ಅಂಟುವಾಳ, ನೆಲ್ಲಿಕಾಯಿ ಮುಖ್ಯವಾದವು. ಸೀಗೆ, ಅಂಟುವಾಳಗಳಲ್ಲಿರುವ ಸ್ಯಾಪೊನಿನ್ ನೊರೆ ಬರಿಸಿ ಕೊಳೆ ತೆಗೆಯುತ್ತದೆ. ಆದರೆ ಹೋದ ಬಣ್ಣವನ್ನು ಅದು ಹಿಂದಕ್ಕೆ ತರಲಾರದು. ಹಾಗಾದರೆ ಹೋದ ಬಣ್ಣ ತಾನಾಗಿ ಬರುವುದಿಲ್ಲವೇ? ಇಲ್ಲ. ಚರ್ಮದಿಂದ ಹೊರಗೆ ಬಂದ ಕೂದಲಿನಲ್ಲಿ ಜೀವವಿಲ್ಲ. ಗಾಯವಾದರೆ ಚರ್ಮ ಮಾಯುತ್ತದೆ, ಕೂದಲು ಮಾಯುವುದಿಲ್ಲ. ಕತ್ತರಿಸಿದರೆ ನೋವಾಗದಿರುವುದೂ ಇದೇ ಕಾರಣಕ್ಕೆ. ಬುಡದಿಂದ ಹೊಸ ಕೂದಲು ಬರಬೇಕು, ಅಷ್ಟೇ.

ನಿಮ್ಮ ಅಪ್ಪ ಅಮ್ಮ ಮತ ಹಾಕಿ ಬಂದಾಗ ಬೆರಳಿನ ಗುರುತು ನೋಡಿದ್ದೀರಲ್ಲ? ಆ ಅಳಿಸಲಾಗದ ಶಾಯಿ ತಯಾರಾಗುವುದು ನಮ್ಮ ಪಕ್ಕದ ಮೈಸೂರಿನಲ್ಲಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ ಶುರುವಾದ, ಇಂದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂದು ಕರೆಯುವ ಕಾರ್ಖಾನೆಯಲ್ಲಿ. 1962ರ ಮಹಾಚುನಾವಣೆಯಿಂದ ಆ ಶಾಯಿ ಬಳಕೆಯಲ್ಲಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮ ಮತ್ತು ಉಗುರಿನೊಡನೆ ಸೇರಿ, ಬೆಳಕಿನಲ್ಲಿ ಕಪ್ಪಾಗುತ್ತದೆ. ತಿಕ್ಕಿದರೆ ಹೋಗುವುದಿಲ್ಲ. ಉಗುರು ಬೆಳೆದಂತೆ ಗುರುತು ಮುಂದಕ್ಕೆ ಸರಿದು ಕೊನೆಗೆ ಕತ್ತರಿಸಿ ಹೋಗುತ್ತದೆ. ನನ್ನ ಕಿತ್ತಳೆ ಬಣ್ಣದ ಹಣೆಬರಹವೂ ಅದೇ.

ಶುಕ್ರವಾರ: ಮೂರು ಕೂದಲು

ಶುಕ್ರವಾರ ಏಳನೇ ತರಗತಿಗೆ ಹೋದವಳೇ, "ಚೆಂಡೂವು ಮಿಸ್ ಬಂದಿದ್ದೇನೆ" ಎಂದೆ. ಒಂದು ಕ್ಷಣ ಯಾರಿಗೂ ನಗಬೇಕೋ ಬೇಡವೋ ತಿಳಿಯಲಿಲ್ಲ. ನಾನೇ ನಕ್ಕೆ. ಆಮೇಲೆ ಎಲ್ಲರೂ ನಕ್ಕರು. ಭಾನುವಾರದಿಂದ ಗುರುವಾರದವರೆಗಿನ ಕಥೆಯನ್ನೆಲ್ಲ ಹೇಳಿ, ಗಾಜಿನ ಪಟ್ಟಿಯ ಮೇಲೆ ನನ್ನದೊಂದು ಕಿತ್ತಳೆ ಕೂದಲು ಇಟ್ಟೆ. "ಚೆಂಡೂವು" ಎಂದು ಕೂಗಿದ್ದ ಹುಡುಗನೇ ಎದ್ದು ಬಂದು ತನ್ನದೊಂದು ಕಪ್ಪು ಕೂದಲು ಕಿತ್ತುಕೊಟ್ಟ. "ಇನ್ನೊಂದು ಬಿಳಿಯದು ಇದ್ದರೆ ಚೆನ್ನಾಗಿತ್ತು. ಅಡುಗೆಮನೆಗೆ ಹೋಗಿ ಅಜ್ಜಿಯ ಹತ್ತಿರ ಯಾರಾದರೂ ಕೇಳಿಕೊಂಡು ಬನ್ನಿ" ಎಂದೆ.

ಯಾರೂ ಹೊರಡುವ ಮೊದಲೇ ಆ ಹುಡುಗಿ ಎದ್ದು ನಿಂತಳು. ನನ್ನ ಹತ್ತಿರ ಬಂದು ತಲೆ ಬಗ್ಗಿಸಿದಳು. "ನಂದು ತಗೊಳ್ಳಿ ಮಿಸ್" ಎಂದಳು. ಅವತ್ತು ಅವಳು ಕಾಡಿಗೆ ತೀಡಿರಲಿಲ್ಲ.

ಒಬ್ಬೊಬ್ಬರಾಗಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಪ್ಪು ಕೂದಲು ಕರಿಯ ಹಗ್ಗದಂತೆ ಕಂಡಿತು. ನನ್ನದು ಬೆಳಕಿಗೆ ಹಿಡಿದ ಜೇನಿನಂತೆ, ಅಂಚಿನಲ್ಲಿ ಅಲ್ಲಲ್ಲಿ ಸಿಬಿರೆದ್ದಿತ್ತು. ಅವಳದು? "ಮಿಸ್, ಇದು ಬಿಳಿ ಅಲ್ಲ! ಗಾಜು!" ಎಂದು ಮೊದಲು ನೋಡಿದ ಹುಡುಗ ಕೂಗಿದ. ಹೌದು ಮಕ್ಕಳೇ. ಬಿಳಿ ಕೂದಲಿನಲ್ಲಿ ಬಿಳಿ ಬಣ್ಣವೆಂಬುದೇ ಇಲ್ಲ. ಕೂದಲಿನ ಬುಡದಲ್ಲಿರುವ ಕೆಲವು ಜೀವಕೋಶಗಳು ಮೆಲನಿನ್ ತಯಾರಿಸುವುದನ್ನು ನಿಲ್ಲಿಸಿದಾಗ ಬಣ್ಣವಿಲ್ಲದ ಕೂದಲು ಬೆಳೆಯುತ್ತದೆ. ಕಲ್ಲುಸಕ್ಕರೆಯ ಹರಳು ಗಾಜಿನಂತಿರುತ್ತದೆ. ಅದನ್ನೇ ಪುಡಿ ಮಾಡಿದರೆ ಬೆಳ್ಳಗೆ ಕಾಣುತ್ತದೆ, ಅಲ್ಲವೇ? ಬೆಳಕು ಎಲ್ಲ ಕಡೆಗೆ ಚದುರುವುದೇ ಅದಕ್ಕೆ ಕಾರಣ. ನರೆಗೂದಲು ಬೆಳ್ಳಗೆ ಕಾಣುವುದೂ ಹಾಗೆಯೇ. ಆ ಕೂದಲಿಗೆ ಹೆಂಚುಗಳಿವೆ, ಕೆರಾಟಿನ್ ಇದೆ. ಮೂರರಲ್ಲಿ ಹಾಳಾಗಿದ್ದುದು ನನ್ನದೊಂದೇ!

ಅವಳು ಕೊನೆಯಲ್ಲಿ ನೋಡಿದಳು. ಬಹಳ ಹೊತ್ತು ನೋಡಿದಳು. ಸಂಜೆ ಬಸ್ಸಿಗೆ ಹೊರಟಾಗ ಓಡಿಬಂದು ಪ್ಯಾಕೆಟ್ಟನ್ನು ನನ್ನ ಕೈಯಲ್ಲಿಟ್ಟಳು. ಅದು ಒಡೆದಿರಲಿಲ್ಲ.

ಶನಿವಾರ ಅವಳು ಹಾಡಿದಳಂತೆ. ಬಹುಮಾನ ಬರಲಿಲ್ಲ. "ಎರಡನೇ ಚರಣ ಮರೆತುಹೋಯ್ತು ಮಿಸ್. ತಲೆ ಕೂದಲಿಗೂ ಅದಕ್ಕೂ ಸಂಬಂಧ ಇಲ್ಲ" ಎಂದು ಮುಂದಿನ ಸಲ ನಗುತ್ತಾ ಹೇಳಿದಳು. ಅವಳ ತಂದೆಗೂ ಎಳೆ ವಯಸ್ಸಿನಲ್ಲೇ ನರೆ ಬಂದಿತ್ತಂತೆ. ಆದರೂ ಒಮ್ಮೆ ವೈದ್ಯರಿಗೆ ತೋರಿಸಿ ಬಂದರು. ಚಿಂತೆಯಿಲ್ಲ ಎಂದರಂತೆ.

ನನ್ನ ತಲೆಯ ಗ್ರಾಫ್

ಈಗ ಆ ತರಗತಿಯ ಗೋಡೆಯ ಮೇಲೆ ಒಂದು ಗ್ರಾಫ್ ಇದೆ. ನಾನು ಹೋದಾಗಲೆಲ್ಲ ಆ ಹುಡುಗಿ ಸ್ಕೇಲ್ ಹಿಡಿದು, ನನ್ನ ಬೈತಲೆಯಲ್ಲಿ ಬುಡದಿಂದ ಕಿತ್ತಳೆ ಗೆರೆಯವರೆಗೆ ಅಳೆಯುತ್ತಾಳೆ. ಹಿಂದಿನ ಸಾಲಿನ ಹುಡುಗ ಚುಕ್ಕೆ ಇಡುತ್ತಾನೆ. 4 ವಾರಕ್ಕೆ 10 ಮಿಲಿಮೀಟರ್, 8 ವಾರಕ್ಕೆ 21, 13 ವಾರಕ್ಕೆ 33. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ ಎಂದು ಪುಸ್ತಕದಲ್ಲಿ ಓದಿದ್ದನ್ನು ಅವರು ನನ್ನ ತಲೆಯ ಮೇಲೆಯೇ ಕಂಡುಕೊಂಡರು. ಹೊಸದಾಗಿ ಬಂದ ಕೂದಲಿನಲ್ಲಿ ಕಪ್ಪೂ ಇದೆ, ಬಿಳಿಯೂ ಇದೆ. ಹಾಗೆಯೇ ಬಿಟ್ಟಿದ್ದೇನೆ.

ಮಾಡಿ ನೋಡಿ

1. ಒಂದು ಬಣ್ಣದ ಬಟ್ಟೆಯನ್ನು ಟ್ಯೂಬ್‌ಲೈಟ್, ದೀಪ ಮತ್ತು ಬಿಸಿಲಿನಲ್ಲಿ ನೋಡಿ. ಒಣಗಿದಾಗ ಮತ್ತು ಒದ್ದೆಯಾದಾಗ ನೋಡಿ. ವ್ಯತ್ಯಾಸ ಬರೆಯಿರಿ.

2. ಹಾಲು ಹಾಕದ ಟೀ ಡಿಕಾಕ್ಷನ್ನನ್ನು ಎರಡು ಲೋಟಗಳಲ್ಲಿ ತಣ್ಣಗಾಗಿಸಿ. ಒಂದರಲ್ಲಿ ಮಾತ್ರ ಚೆನ್ನಾಗಿ ಉಜ್ಜಿದ ಕಬ್ಬಿಣದ ಮೊಳೆ ಹಾಕಿ ಮರುದಿನದವರೆಗೆ ಬಿಡಿ. ಯಾವುದು ಕಪ್ಪಾಯಿತು? ಅದರಿಂದ ಕಾಗದದ ಮೇಲೆ ಬರೆದು ನೋಡಿ. ಕುಡಿಯಬೇಡಿ!

3. ಅರಿಶಿನ ಬಳಿದ ಕಾಗದಕ್ಕೆ ಸಾಬೂನಿನ ನೀರು ಹಾಕಿ, ಆಮೇಲೆ ನಿಂಬೆರಸ ಹಾಕಿ. ಬಣ್ಣ ಹೇಗೆ ಬದಲಾಯಿತು?

4. ಮನೆಯಲ್ಲಿ ತಲೆಗೆ ಹಚ್ಚುವ ಬಣ್ಣದ ಪ್ಯಾಕೆಟ್ ಇದ್ದರೆ ಒಡೆಯದೆ, ದೊಡ್ಡವರ ಎದುರಿಗೆ, ಅದರ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. 48 ಗಂಟೆಯ ಪರೀಕ್ಷೆಯ ವಿಷಯ ಎಲ್ಲಿ ಬರೆದಿದೆ ಹುಡುಕಿ. ನಿಮ್ಮ ಮನೆಯಲ್ಲಿ ಯಾರಾದರೂ ಅದನ್ನು ಮಾಡಿದ್ದಾರೆಯೇ, ಕೇಳಿ. ಬಣ್ಣ ಹಚ್ಚಿಕೊಳ್ಳುವ ಅಪ್ಪ ಅಮ್ಮನಿಗೆ ಈ ಪುಟವನ್ನು ಓದಿ ಹೇಳಿ.

ಮುಂದಿನ ಸಲ ನಾನು ನಿಮ್ಮ ಶಾಲೆಗೆ ಬಂದಾಗ ಉತ್ತರ ಕೇಳುತ್ತೇನೆ. ನನ್ನ ಗುರುತು ಹಿಡಿಯುವುದು ಸುಲಭ. ಜಡೆಯ ತುದಿಯಲ್ಲಿ ಇನ್ನೂ ಸ್ವಲ್ಪ ಚೆಂಡು ಹೂ ಉಳಿದಿದೆ.